ಸಿಂಗಪುರದ ಹಗ್ಗ, ಬಿನ್ನಿಪೇಟೆಯ ಪ್ಯಾಕೆಟ್

ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಡ್ರಗ್ಸ್ ಬಗ್ಗೆ ಮಾತು ಶುರುವಾದರೆ ಐದು ನಿಮಿಷದೊಳಗೆ ಅದು ಸಿಂಗಪುರ ತಲುಪುತ್ತದೆ. ಟ್ಯಾಂಕ್ ಬಂಡ್ ರಸ್ತೆಯ ಟೀ ಅಂಗಡಿ ಮುಂದೆ ನಿಂತವರು, ಹಳೇ ಗಿರಣಿ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿನ ಸಂಘದವರು, ಪೊಲೀಸರ ಜನಸಂಪರ್ಕ ಸಭೆಯಲ್ಲಿ ಮೈಕ್ ಹಿಡಿದ ಹಿರಿಯರು, ಎಲ್ಲರೂ ಈ ಒಂದು ವಿಷಯದಲ್ಲಿ ಒಂದೇ ಪಕ್ಷ. ‘ಅಲ್ಲಿ ನೇಣಿಗೆ ಹಾಕ್ತಾರೆ ಸ್ವಾಮಿ, ಅದಕ್ಕೇ ಒಬ್ಬನೂ ಮುಟ್ಟಲ್ಲ. ಸಡಿಲ ಬಿಟ್ಟ ದೇಶಗಳ ಗತಿ ಏನಾಗಿದೆ ನೋಡಿ. ನಮ್ಮಲ್ಲೂ ನಾಲ್ಕು ಜನರನ್ನ ನೇತುಹಾಕಲಿ, ಎಲ್ಲ ತಾನಾಗೇ ಸರಿಹೋಗತ್ತೆ.’ ಟಿವಿ ಚರ್ಚೆಯವರೂ ಇದನ್ನೇ ಹೇಳುತ್ತಾರೆ, ಸ್ವಲ್ಪ ಜೋರಾಗಿ.

ಇಷ್ಟು ಸಲೀಸಾಗಿ ಒಪ್ಪಿಗೆ ಪಡೆಯುವ ಮಾತು ಬೇರೆ ಇರಲಾರದು. ಆದರೆ ಇದು ತಪ್ಪು. ದೇಶಗಳನ್ನು ‘ಬಿಗಿ’ ಮತ್ತು ‘ಸಡಿಲ’ ಎಂದು ಎರಡು ಸಾಲಲ್ಲಿ ನಿಲ್ಲಿಸಿ, ಬಿಗಿ ಸಾಲಿನವರು ಬದುಕಿದರು, ಸಡಿಲ ಸಾಲಿನವರು ಹಾಳಾದರು ಎಂದು ತೀರ್ಪು ಕೊಡುವ ಈ ಲೆಕ್ಕ ಬುಡದಲ್ಲೇ ಕೆಟ್ಟಿದೆ. ಕೆಟ್ಟಿದೆ ಎಂಬುದು ಉಳಿದವರಿಗಿಂತ ಮೊದಲು ಗೊತ್ತಿರಬೇಕಾದದ್ದು ನಮ್ಮ ಪೇಟೆಯವರಿಗೇ. ಯಾಕೆಂದರೆ ನಿಷೇಧದ ಪ್ರಯೋಗ ಇಂಥ ಬಡಾವಣೆಗಳ ಮೇಲೆ ಆಗಲೇ ನಡೆದುಹೋಗಿದೆ.

ಮೊದಲು ನಮ್ಮ ಕಾನೂನನ್ನೇ ನೋಡೋಣ. ಭಾರತ ಸಡಿಲ ದೇಶ ಎಂದು ಭಾವಿಸಿದವರು ಮಾದಕ ವಸ್ತುಗಳ ಮೇಲಿನ ಎನ್‌ಡಿಪಿಎಸ್ ಕಾಯ್ದೆಯ ಮುಖವನ್ನೇ ಕಂಡಿಲ್ಲ. ಅದು ಜಾರಿಗೆ ಬಂದದ್ದು ನವೆಂಬರ್ 1985ರಲ್ಲಿ. ಆಗಿನ ರೂಪದಲ್ಲಿ, ಕಾಲು ಗ್ರಾಮಿಗಿಂತ ಒಂದು ಚಿಟಿಕೆ ಹೆಚ್ಚು ಬ್ರೌನ್ ಶುಗರ್ ಜೇಬಲ್ಲಿ ಸಿಕ್ಕರೆ ಕನಿಷ್ಠ ಹತ್ತು ವರ್ಷ ಜೈಲು. ಮಾರುವವನು, ಚಟಕ್ಕೆ ಬಿದ್ದವನು ಎಂಬ ಭೇದವೇ ಇರಲಿಲ್ಲ. 1989ರ ತಿದ್ದುಪಡಿಯಲ್ಲಿ ಎರಡನೇ ಸಲ ದೊಡ್ಡ ಪ್ರಮಾಣದಲ್ಲಿ ಸಿಕ್ಕಿಬಿದ್ದವನಿಗೆ ಮರಣದಂಡನೆಯನ್ನೂ ಸೇರಿಸಿದರು. ಅಂದರೆ, ಸಭೆಯಲ್ಲಿ ಬೇಡುವ ಆ ಹಗ್ಗ ನಮ್ಮ ಕಾನೂನಿನಲ್ಲಿ ಮೂವತ್ತೈದು ವರ್ಷದಿಂದ ಇದೆ. ಈ ಬಿಗಿಯಿಂದ ಏನೂ ಬಗೆಹರಿಯದೆ ಜೈಲು ಮಾತ್ರ ತುಂಬಿದ ಮೇಲೆ 2001ರಲ್ಲಿ ಸರ್ಕಾರವೇ ಹಿಂದೆ ಸರಿದು ‘ಸಣ್ಣ ಪ್ರಮಾಣ’, ‘ವಾಣಿಜ್ಯ ಪ್ರಮಾಣ’ ಎಂದು ಅಳತೆ ಗೊತ್ತುಮಾಡಿ ಶಿಕ್ಷೆಗಳನ್ನು ಹಂತಹಂತವಾಗಿ ವಿಂಗಡಿಸಿತು.

ಬಿಗಿ ಎಂದರೂ ಎಲ್ಲೆಲ್ಲಿ ಬಿಗಿ? ಅದೇ ಕಾಯ್ದೆಯಲ್ಲಿ ಗಾಂಜಾ ಗಿಡದ ಹೂವಿನ ತೆನೆ ಅಪರಾಧ, ಬರೀ ಎಲೆ ಅಲ್ಲ. ಅದಕ್ಕೇ ಉತ್ತರ ಭಾರತದಲ್ಲಿ ಭಂಗಿ ಅಂಗಡಿಗಳು ಹಾಡಹಗಲೇ ನಡೆಯುತ್ತವೆ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಜಾಮೀನು ಕೊಡುವಾಗ ನಮ್ಮ ಹೈಕೋರ್ಟೂ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಸೊಪ್ಪೇ ಪ್ರಸಾದ. 1893–94ರಲ್ಲಿ ಬ್ರಿಟಿಷರು ನೇಮಿಸಿದ ಭಂಗಿ–ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಪೂರ್ತಿ ನಿಷೇಧ ಬೇಕಿಲ್ಲ, ತೆರಿಗೆ ಮತ್ತು ಲೈಸೆನ್ಸಿನ ಹತೋಟಿ ಸಾಕು ಎಂದು ವರದಿ ಕೊಟ್ಟಿತ್ತು. ಹಾಗಾದರೆ ಭಾರತವನ್ನು ಯಾವ ಸಾಲಲ್ಲಿ ನಿಲ್ಲಿಸುತ್ತೀರಿ? ಸಿಂಗಪುರದ ಪಕ್ಕವೋ, ಆಮ್‌ಸ್ಟರ್‌ಡ್ಯಾಮ್ ಪಕ್ಕವೋ?

ಸಿಂಗಪುರದ ಮಾತು ಬಂದದ್ದರಿಂದ ಅಲ್ಲಿಗೂ ಹೋಗಿಬರೋಣ. ಅಲ್ಲಿ 15 ಗ್ರಾಮಿಗಿಂತ ಹೆಚ್ಚು ಹೆರಾಯಿನ್ ಅಥವಾ 500 ಗ್ರಾಮಿಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ನೇಣು. 2022 ಒಂದೇ ವರ್ಷದಲ್ಲಿ ಹನ್ನೊಂದು ಜನರನ್ನು ಗಲ್ಲಿಗೇರಿಸಿದರು, ಅಷ್ಟೂ ಜನ ಡ್ರಗ್ಸ್ ಪ್ರಕರಣದವರು. ಅವರಲ್ಲೊಬ್ಬ ಮಲೇಷ್ಯಾದ ತಮಿಳು ಮೂಲದ ಹುಡುಗ. ಬುದ್ಧಿಮಾಂದ್ಯನೆಂದು ಅವನ ವಕೀಲರು ಕೊನೆಯ ದಿನದವರೆಗೂ ವಾದಿಸಿದರು. ಸಿಕ್ಕ ಹೆರಾಯಿನ್ 43 ಗ್ರಾಮಿನೊಳಗೆ. ದೊಡ್ಡ ಕುಳಗಳು ಹೀಗೆ ಸಿಗುವುದಿಲ್ಲ, ಸಾಮಾನು ಹೊರುವವರು ಸಿಗುತ್ತಾರೆ. ಅಲ್ಲಿ ಬಳಕೆ ಕಡಿಮೆ, ಒಪ್ಪುತ್ತೇನೆ. ಬೆಂಗಳೂರಿಗಿಂತ ಎಷ್ಟೋ ಕಡಿಮೆ ಜನರಿರುವ ಒಂದು ದ್ವೀಪ. ನೆಲದ ಮೇಲಿಂದ ಬರಲು ಇರುವುದು ಎರಡು ಸೇತುವೆ ದಾರಿ. ಎಲ್ಲರಿಗೂ ಮನೆ, ಕೈತುಂಬ ಸಂಬಳ, ಲಂಚ ಮುಟ್ಟದ ಪೊಲೀಸರು. ಇವನ್ನೆಲ್ಲ ಬಿಟ್ಟು ಹಗ್ಗವೊಂದನ್ನೇ ಆಮದು ಮಾಡಿಕೊಳ್ಳೋಣ ಎನ್ನುವುದು ಯಾವ ನ್ಯಾಯ?

ಹಗ್ಗವೇ ಔಷಧಿಯಾಗಿದ್ದರೆ ಇರಾನ್ ಇಷ್ಟು ಹೊತ್ತಿಗೆ ಗುಣವಾಗಿರಬೇಕಿತ್ತು. ಡ್ರಗ್ಸ್‌ಗಾಗಿ ವರ್ಷಕ್ಕೆ ನೂರಾರು ಜನರನ್ನು ನೇಣಿಗೇರಿಸಿದ ದೇಶ ಅದು. ಅಫೀಮಿನ ಚಟ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ಕೊನೆಗೆ ಇರಾನಿನವರೇ ಜೈಲುಗಳ ಒಳಗೆ, ಅಫೀಮು–ಹೆರಾಯಿನ್‌ಗೆ ಬದಲಿಯಾಗಿ ಕೊಡುವ ಮೆಥಡೋನ್ ಚಿಕಿತ್ಸೆ ಶುರುಮಾಡಬೇಕಾಯಿತು. ಸಿಂಗಪುರದ ಬಗ್ಗೆ ಮಾತಾಡುವವರು ಇರಾನಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಥಾಯ್ಲೆಂಡಿನ ಬಗ್ಗೆಯೂ. 2003ರಲ್ಲಿ ಅಲ್ಲಿನ ಪ್ರಧಾನಿ ತಕ್ಸಿನ್ ‘ಮಾದಕ ಯುದ್ಧ’ ಸಾರಿದಾಗ ಮೂರು ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು. ‘ಯಾಬಾ’ ಎಂಬ ಅಮಲಿನ ಮಾತ್ರೆ ಅಲ್ಲಿಂದ ಹೋಯಿತೇ? ಇಲ್ಲ.

ಯುರೋಪಿಗೆ ಬಂದರೆ ಲೆಕ್ಕ ಇನ್ನೂ ತಲೆಕೆಳಗಾಗುತ್ತದೆ. ಸ್ವೀಡನ್ 1988ರಿಂದ ಸೇವನೆಯನ್ನೇ ಅಪರಾಧ ಮಾಡಿತು; 1993ರಿಂದ ಪೊಲೀಸರಿಗೆ ಅನುಮಾನ ಬಂದವರ ರಕ್ತ, ಮೂತ್ರ ಪರೀಕ್ಷಿಸುವ ಅಧಿಕಾರವನ್ನೂ ಕೊಟ್ಟಿತು. ನಮ್ಮ ಸಂಘದವರು ಕನಸಲ್ಲಿ ಕಾಣುವ ಕಾನೂನು. ಆದರೂ ಡ್ರಗ್ಸ್‌ನಿಂದಾಗುವ ಸಾವಿನ ಪ್ರಮಾಣ ಯುರೋಪಿನಲ್ಲಿ ಅತಿ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಸ್ವೀಡನ್ ವರ್ಷವರ್ಷವೂ ಇದೆ. ಸಾವನ್ನು ಲೆಕ್ಕ ಹಾಕುವ ಕ್ರಮ ದೇಶದಿಂದ ದೇಶಕ್ಕೆ ಬೇರೆ ಎಂಬ ವಿನಾಯಿತಿ ಕೊಟ್ಟರೂ, ಬಳಸುವವರನ್ನು ಜೈಲಿಗೆ ಕಳಿಸದ ಪೋರ್ಚುಗಲ್‌ಗೂ ಸ್ವೀಡನ್‌ಗೂ ಇರುವ ಅಂತರ ಮುಚ್ಚುವಂಥದ್ದಲ್ಲ. ಫ್ರಾನ್ಸ್ ಗಾಂಜಾ ವಿಷಯದಲ್ಲಿ ಕಟ್ಟುನಿಟ್ಟು, ನೆದರ್‌ಲ್ಯಾಂಡ್ಸ್ 1976ರಿಂದ ಅಂಗಡಿಯಲ್ಲಿ ಮಾರಲು ಬಿಟ್ಟಿದೆ. ಸೇದುವವರು ಹೆಚ್ಚಿರುವುದು ಫ್ರಾನ್ಸಿನಲ್ಲಿ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹದಿನೇಳು ದೇಶಗಳ ಸಮೀಕ್ಷೆ ಹೊರಬಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಗಾಂಜಾ ಮುಟ್ಟಿದವರು ಅಮೆರಿಕದಲ್ಲಿ ಶೇ 42, ನೆದರ್‌ಲ್ಯಾಂಡ್ಸ್‌ನಲ್ಲಿ ಶೇ 20. ಕೊಕೇನ್ ಅಮೆರಿಕದಲ್ಲಿ ಶೇ 16, ಡಚ್ಚರಲ್ಲಿ ಶೇ 2ಕ್ಕೂ ಕಡಿಮೆ. ‘ಮಾದಕ ಯುದ್ಧ’ದ ತವರುಮನೆ ಯಾವುದು ಎಂಬುದನ್ನು ಇಲ್ಲಿ ನೆನಪಿಸಬೇಕಿಲ್ಲ. 2014ರಲ್ಲಿ ಬ್ರಿಟನ್ನಿನ ಗೃಹ ಇಲಾಖೆ ಹತ್ತಕ್ಕೂ ಹೆಚ್ಚು ದೇಶಗಳ ಕಾನೂನು ನೋಡಿಬಂದು, ಶಿಕ್ಷೆಯ ಬಿಗಿಗೂ ಬಳಕೆಯ ಪ್ರಮಾಣಕ್ಕೂ ಎದ್ದುಕಾಣುವ ಸಂಬಂಧ ಸಿಗಲಿಲ್ಲ ಎಂದು ಬರೆಯಿತು. ಇದನ್ನು ಬರೆದದ್ದು ಯಾವ ಹಿಪ್ಪಿಯೂ ಅಲ್ಲ, ಪೊಲೀಸರನ್ನು ನೋಡಿಕೊಳ್ಳುವ ಇಲಾಖೆ.

ಇಷ್ಟು ಓದಿ ಖುಷಿಪಡುತ್ತಿರುವ ಇನ್ನೊಂದು ಗುಂಪಿದೆ: ಎಲೆಯ ಚಿತ್ರದ ಟೀ ಶರ್ಟ್ ಹಾಕಿಕೊಂಡು ‘ಪೋರ್ಚುಗಲ್ ನೋಡಿ, ಲೀಗಲ್ ಮಾಡಿ’ ಎನ್ನುವವರು. ಅವರ ಜೊತೆಗೂ ನನ್ನ ಜಗಳವಿದೆ. ಪೋರ್ಚುಗಲ್ ಏನನ್ನೂ ‘ಲೀಗಲ್’ ಮಾಡಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅಲ್ಲಿ ಸುಮಾರು ನೂರಕ್ಕೊಬ್ಬರು ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಜುಲೈ 2001ರಿಂದ, ಹತ್ತು ದಿನದ ಸ್ವಂತ ಬಳಕೆಗೆ ಮೀರದಷ್ಟು ಇಟ್ಟುಕೊಂಡವನು ಕೋರ್ಟಿನ ಬದಲು ಒಂದು ಮಂಡಳಿಯ ಮುಂದೆ ಕೂರಬೇಕು; ಅಲ್ಲಿ ಸಮಾಜ ಕಾರ್ಯಕರ್ತರು, ಮನೋವೈದ್ಯರು, ಕಾನೂನು ಬಲ್ಲವರು ಇರುತ್ತಾರೆ. ಮಾರಿದವನಿಗೆ ಜೈಲೇ. ಅಸಲು ಕೆಲಸ ನಡೆದದ್ದು ಆ ಮಂಡಳಿಯ ಹಿಂದೆ: ಊರೂರಲ್ಲಿ ಚಿಕಿತ್ಸಾಲಯ, ಮೆಥಡೋನ್ ಹೊತ್ತು ತಿರುಗುವ ವ್ಯಾನು, ಹೊಸ ಸೂಜಿ, ಕೆಲಸಕ್ಕೆ ಸೇರಿಸಿಕೊಂಡ ಮಾಲೀಕನಿಗೆ ಸಹಾಯಧನ. ಸೂಜಿ ಹಂಚಿಕೊಂಡು ಹೊಸದಾಗಿ ಎಚ್‌ಐವಿ ತಗುಲಿಸಿಕೊಂಡವರು 2001ರಲ್ಲಿ ಸಾವಿರದ ಆಸುಪಾಸು ಇದ್ದರೆ, 2012ರ ಹೊತ್ತಿಗೆ ನೂರಕ್ಕಿಂತ ಕೆಳಗಿಳಿದರು. ಅದೇ 2012ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಈ ಕೆಲಸ ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆಯನ್ನು ಒಡೆದು ಹಣ ಕಡಿತಗೊಳಿಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಪೋರ್ಟೊ ನಗರದ ಬೀದಿಗಳಲ್ಲಿ ಸೂಜಿಗಳು ಮತ್ತೆ ಕಾಣಿಸಿಕೊಂಡವು. ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಬಜೆಟ್.

ಅಮೆರಿಕದ ಒರೆಗಾನ್ ರಾಜ್ಯ ಪೋರ್ಚುಗಲ್ಲಿನ ಹೆಸರು ಹೇಳಿಕೊಂಡು ಫೆಬ್ರುವರಿ 2021ರಲ್ಲಿ ಸ್ವಂತ ಬಳಕೆಗಿದ್ದ ಶಿಕ್ಷೆಯನ್ನು ತೆಗೆದುಹಾಕಿತು. ನೂರು ಡಾಲರ್ ದಂಡದ ಚೀಟಿ; ಸಹಾಯವಾಣಿಗೆ ಫೋನ್ ಮಾಡಿದರೆ ಅದೂ ಮನ್ನಾ. ಫೋನ್ ಮಾಡಿದವರು ಬೆರಳೆಣಿಕೆ. ಚಿಕಿತ್ಸೆಗೆಂದು ತೆಗೆದಿಟ್ಟ ಹಣ ತಿಂಗಳುಗಟ್ಟಲೆ ತಡವಾಗಿ ಹೊರಟಿತು. ಅದೇ ಹೊತ್ತಿಗೆ ಪಶ್ಚಿಮ ತೀರಕ್ಕೆ ಫೆಂಟನಿಲ್ ಎಂಬ ಕಡು ಅಮಲು ಬಂದಿಳಿಯಿತು. ಸೆಪ್ಟೆಂಬರ್ 2024ರಲ್ಲಿ ಶಿಕ್ಷೆ ವಾಪಸ್. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾ ಮೇಲಿನ ನಿರ್ಬಂಧ ತೆಗೆದು, ನಿಯಮ ಬರೆಯುವುದನ್ನೇ ಮರೆತು, 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಎಂದು ಹಿಂದೆ ಬಂತು. ಸಡಿಲ ಮಾಡುವುದಷ್ಟೇ ಸಾಕು ಎಂದುಕೊಂಡವರ ಪಾಡು ಇದು.

ಈಗ ಮನೆಗೆ ಬರೋಣ, ಬಿನ್ನಿಪೇಟೆಗೆ. 1884ರಲ್ಲಿ ಹುಟ್ಟಿ ಆಮೇಲೆ ಬಿನ್ನಿ ಕಂಪನಿಯ ಕೈಸೇರಿದ ಗಿರಣಿಯಿಂದಲೇ ಈ ಪೇಟೆಗೆ ಹೆಸರು ಬಂದದ್ದು. ಸಾವಿರಾರು ಕಾರ್ಮಿಕರು, ಮೂರು ಪಾಳಿ, ಬಟವಾಡೆ ದಿನ. ಗಿರಣಿ ಸೀಮೆ ಎಂದ ಮೇಲೆ ಸಾರಾಯಿ ಅಂಗಡಿಯೂ ಇರಲೇಬೇಕು. ಸರ್ಕಾರವೇ ಹರಾಜು ಹಾಕಿ ಗುತ್ತಿಗೆ ಕೊಟ್ಟ ಅಂಗಡಿ. ಮೊದಲು ಗ್ಲಾಸಿನಲ್ಲಿ, ಆಮೇಲೆ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ. ಆ ಕಾಲ ಚೆನ್ನಾಗಿತ್ತು ಎಂದು ಹೇಳುವವನು ನಾನಲ್ಲ. ಅದೇ ಲೈಸೆನ್ಸಿನ ಕಾಲದಲ್ಲೇ, ಜುಲೈ 1981ರಲ್ಲಿ, ಮಿಥೈಲ್ ಆಲ್ಕೊಹಾಲ್ ಬೆರೆತ ಅಗ್ಗದ ಸರಕು ಕುಡಿದು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಗಳು, ಹೆಸರಿಲ್ಲದೆ ಹೋದರು.

ಜುಲೈ 1, 2007ರಿಂದ ಸಾರಾಯಿ ಬಂದ್. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ಮಂತ್ರಿ. ಹೆಣ್ಣುಮಕ್ಕಳು ಸಿಹಿ ಹಂಚಿದರು. ವರ್ಷ ತುಂಬುವ ಮೊದಲೇ, ಮೇ 2008ರಲ್ಲಿ, ಬೆಂಗಳೂರು, ಆನೇಕಲ್, ಕೋಲಾರ, ಗಡಿಯಾಚೆ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಲೈಸೆನ್ಸ್ ಇದ್ದಾಗಲೂ ಸತ್ತರು, ನಿಷೇಧವಾದಾಗಲೂ ಸತ್ತರು. ಎರಡು ಸಲವೂ ಕೊಂದದ್ದು ಒಂದೇ ರಾಸಾಯನಿಕ. ಅದು ಕಾರ್ಖಾನೆ ಸಾಮಾನು, ಅದರ ಮೇಲೆ ಕುಡಿಯುವ ಮದ್ಯದ ಅಬಕಾರಿ ಸುಂಕವಿಲ್ಲ. ಸುಂಕ ತೆತ್ತ ಸರಕಿನ ಬೆಲೆಗೂ ಕೂಲಿಯವನ ಜೇಬಿಗೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಜಾಗ ಅದಕ್ಕೆ ಸಿಗುತ್ತದೆ. ಜೂನ್ 2024ರಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಸತ್ತದ್ದು ಹೀಗೆಯೇ, ಸರ್ಕಾರಿ ಮದ್ಯದಂಗಡಿಗಳು ಬಾಗಿಲು ತೆರೆದಿದ್ದ ರಾಜ್ಯದಲ್ಲಿ. ಡಿಸೆಂಬರ್ 2022ರಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ಪೂರ್ತಿ ಪಾನನಿಷೇಧವಿದ್ದ ರಾಜ್ಯದಲ್ಲಿ. ಬಿಗಿ ಸಾಲೋ ಸಡಿಲ ಸಾಲೋ ಎಂದು ಆ ಹೆಣಗಳನ್ನು ಕೇಳಿ.

ಸಾರಾಯಿ ಹೋದ ಜಾಗಕ್ಕೆ ಏನು ಬಂತು ಎಂಬುದನ್ನು ಬಿನ್ನಿಪೇಟೆಯಲ್ಲಿ ಯಾರೂ ಹೇಳಿಕೊಡಬೇಕಿಲ್ಲ. ಸಾರಾಯಿಗಿಂತ ಗಟ್ಟಿಯಾದ, ಶೇ 42.8 ಆಲ್ಕೊಹಾಲಿನ ಅಗ್ಗದ ವಿಸ್ಕಿ ಬಂತು. ಕ್ವಾರ್ಟರ್ ಬಂತು, ನೈಂಟಿ ಬಂತು, ಮಕ್ಕಳು ಮಾವಿನ ರಸ ಕುಡಿಯುವಂಥ ಟೆಟ್ರಾ ಪ್ಯಾಕ್ ಬಂತು. ಬೆಳಿಗ್ಗೆ ಎಣ್ಣೆ ಹೊಡೆಯುತ್ತಿದ್ದವನು ಬೆಳಿಗ್ಗೆಯೇ ಹೊಡೆದ, ಬೇರೆ ಕವರಿನಿಂದ. ಸರ್ಕಾರದ ಪಾನೀಯ ನಿಗಮ ಸಗಟು ವ್ಯಾಪಾರಿ. ಸರ್ಕಾರದ ಎಂಎಸ್‌ಐಎಲ್ ಚಿಲ್ಲರೆ ವ್ಯಾಪಾರಿ. ಶಾಲೆ ಮಕ್ಕಳಿಗೆ ನೋಟ್‌ಬುಕ್ ಮಾರುವುದೂ ಇದೇ ಎಂಎಸ್‌ಐಎಲ್. ಅಪ್ಪನಿಗೊಂದು ಕೌಂಟರ್, ಮಗನಿಗೊಂದು ಕೌಂಟರ್. ರಾಜ್ಯದ 2025–26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಸಂವಿಧಾನದ 47ನೇ ವಿಧಿ ಅಮಲಿನ ಪಾನೀಯ ಮತ್ತು ಆರೋಗ್ಯ ಕೆಡಿಸುವ ಮಾದಕ ದ್ರವ್ಯ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಎರಡನ್ನೂ ನಿಷೇಧಿಸಲು ಯತ್ನಿಸಿ ಎನ್ನುತ್ತದೆ. ಒಂದು ಖಜಾನೆಯಾಯಿತು, ಇನ್ನೊಂದು ಜೈಲಾಯಿತು.

ಇಲ್ಲಿ ನಾನು ಮೆತ್ತಗಾಗಬೇಕಾದ ಒಂದು ಜಾಗವಿದೆ. ಜನವರಿ 2019ರಲ್ಲಿ ಮದ್ಯ ನಿಷೇಧ ಕೇಳಿಕೊಂಡು ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದರು. ಅವರಿಗೆ ಅಂಕಿಸಂಖ್ಯೆ ಹೇಳಹೊರಟರೆ ನಾಚಿಕೆಗೇಡು. ಬಿಹಾರದಲ್ಲಿ ನಿಷೇಧದ ನಂತರ ಗಂಡಸರ ದಿನದಿನದ ಕುಡಿತವೂ ಹೆಂಡತಿಯರ ಮೇಲಿನ ಹೊಡೆತವೂ ತಗ್ಗಿದವು ಎಂದು 2024ರ ಅಧ್ಯಯನವೊಂದು ಹೇಳಿದೆ. ಅದನ್ನು ಬದಿಗೆ ಸರಿಸುವ ಹಕ್ಕು ನನಗಿಲ್ಲ. ಆದರೆ ಆ ಹೆಂಗಸರು ದೇಶಗಳ ಪಟ್ಟಿ ಹಿಡಿದುಕೊಂಡು ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಹೊಡೆತ ನಿಲ್ಲಬೇಕು, ಕೂಲಿ ದುಡ್ಡು ಮನೆ ಸೇರಬೇಕು ಎಂದು ಬಂದಿದ್ದರು. ಫಲ ಏನೆಂದು ಅಳೆಯುವ ಸರಿಯಾದ ಕೋಲು ಅವರ ಕೈಯಲ್ಲಿತ್ತು. ನಮ್ಮ ಹಗ್ಗದವರ ಕೈಯಲ್ಲಿರುವುದು ಬೇರೆ ಕೋಲು.

ಆ ಕೋಲಿನ ಹೆಸರು ಕಿಲೋ. ಮಾರ್ಚ್ 2025ರಲ್ಲಿ ಮಂಗಳೂರು ಪೊಲೀಸರು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದ ಇಬ್ಬರು ವಿದೇಶಿ ಹೆಂಗಸರನ್ನು ಹಿಡಿದು 37.87 ಕಿಲೋ ಎಂಡಿಎಂಎ ಎಂಬ ಅಮಲು ಪುಡಿ ವಶಪಡಿಸಿಕೊಂಡರು. ಬೆಲೆ 75 ಕೋಟಿ. ರಾಜ್ಯದಲ್ಲೇ ದಾಖಲೆ, ಭೇಷ್. ನಾಲ್ಕು ತಿಂಗಳಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನಲ್ಲೇ ಅಮಲು ಪುಡಿ ತಯಾರಿಸುವ ಘಟಕವೊಂದನ್ನು ಪತ್ತೆಹಚ್ಚಿದರು. ಪೊಲೀಸರ ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ಪೊಟ್ಟಣಗಳಿರುತ್ತವೆ, ತಕ್ಕಡಿಯಿರುತ್ತದೆ. ಬೀದಿಯಲ್ಲಿ ಆ ಸರಕಿನ ಬೆಲೆ ಏರಿತೋ ಇಳಿಯಿತೋ ಎಂದು ಯಾವ ವರದಿಗಾರನೂ ಕೇಳುವುದಿಲ್ಲ. ಬೆಲೆ ಏರದಿದ್ದರೆ ಹಿಡಿದದ್ದು ಸಮುದ್ರದ ಒಂದು ಬಿಂದಿಗೆ ಎಂದು ಅರ್ಥ.

ಇಲ್ಲೊಂದು ಸಣ್ಣ ಲೆಕ್ಕ. ಕಾನೂನಿನ ಪ್ರಕಾರ ಗಾಂಜಾದ ‘ಸಣ್ಣ ಪ್ರಮಾಣ’ ಒಂದು ಕಿಲೋ, ಎಂಡಿಎಂಎದ್ದು ಅರ್ಧ ಗ್ರಾಂ. ಆ 37.87 ಕಿಲೋ ಎಂದರೆ ಎಪ್ಪತ್ತೈದು ಸಾವಿರ ‘ಸಣ್ಣ ಪ್ರಮಾಣ’. ಅಷ್ಟೇ ಸಂಖ್ಯೆಯ ‘ಸಣ್ಣ ಪ್ರಮಾಣ’ ಗಾಂಜಾ ಬೇಕಾದರೆ 75 ಟನ್, ಲಾರಿಗಳ ಸಾಲು; ಚೆಕ್‌ಪೋಸ್ಟಿನ ನಾಯಿಗೂ ವಾಸನೆ ಹೊಡೆಯುತ್ತದೆ. ಪುಡಿಯಾದರೆ ವಿಮಾನದ ಲಗೇಜು ಸಾಕು. ಹಿಡಿಯುವ ಅಪಾಯ ಹೆಚ್ಚಿದಷ್ಟೂ ಕಳ್ಳಸಾಗಣೆದಾರ ಚಿಕ್ಕದಾದ, ಗಟ್ಟಿಯಾದ ಸರಕಿನ ಕಡೆ ಹೋಗುತ್ತಾನೆ. 1920ರಿಂದ 33ರ ಪಾನನಿಷೇಧದಲ್ಲಿ ಅಮೆರಿಕನ್ನರು ಬಿಯರ್ ಬಿಟ್ಟು ಕಡು ಮದ್ಯಕ್ಕೆ ಹೋದದ್ದೂ ಈ ಕಾರಣಕ್ಕೇ. ಬಿಗಿಯ ಪ್ರತಿಪಾದಕರು ಸೊಪ್ಪಿನ ಹುಡುಗರನ್ನು ಓಡಿಸಿ ಪುಡಿಯವರಿಗೆ ದಾರಿ ಮಾಡಿಕೊಡುತ್ತಿದ್ದಾರೆ. ಅವರಿಗೆ ಅದು ಗೊತ್ತಿಲ್ಲ, ಪುಡಿಯವರಿಗೆ ಚೆನ್ನಾಗಿ ಗೊತ್ತು.

ಇನ್ನು ಕಿಲೋದಲ್ಲಿ ಸಿಗದ ಚಟವೂ ಉಂಟು. ಮೆಜೆಸ್ಟಿಕ್ಕಿನ ರೈಲು ನಿಲ್ದಾಣ ನಮ್ಮಿಂದ ನಡಿಗೆಯ ದೂರ. ಅಲ್ಲಿ ಚಿಂದಿ ಆಯುವ ಹುಡುಗರು ಬಟ್ಟೆಗೆ ಪಂಕ್ಚರ್ ಸಲ್ಯೂಷನ್ ಸುರಿದುಕೊಂಡು ಎಳೆಯುತ್ತಾರೆ. ಸೈಕಲ್ ಅಂಗಡಿಯಲ್ಲಿ ಸಿಗುವ ಆ ಟ್ಯೂಬು ಯಾವ ಎನ್‌ಡಿಪಿಎಸ್ ಪಟ್ಟಿಯಲ್ಲೂ ಇಲ್ಲ. ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಏಕೈಕ ಅಮಲು ಇದು: ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಇದಕ್ಕೆ ಯಾರನ್ನು ನೇಣಿಗೆ ಹಾಕೋಣ? ಸೈಕಲ್ ಅಂಗಡಿಯವನನ್ನೇ?

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಗುತ್ತಿದೆ. ಕಾನೂನುಬಾಹಿರ ಡ್ರಗ್ಸ್‌ಗೆ ದಾಸರಾದವರಲ್ಲಿ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 20ಕ್ಕೆ ಒಬ್ಬರು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ 1991ರಿಂದ ಇದೇ ಊರಲ್ಲಿದೆ. ಇಡೀ ರಾಜ್ಯ ಅದೊಂದರ ಬಾಗಿಲಿಗೆ ಬಂದು ನಿಂತರೆ ಅದಾದರೂ ಏನು ಮಾಡೀತು? ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಮಿದೆ: ಸೇವನೆಗೋ ಸಣ್ಣ ಪ್ರಮಾಣಕ್ಕೋ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆಯಿಲ್ಲ. ಪೋರ್ಚುಗಲ್ಲಿನ ಬೀಜ ನಮ್ಮ ಕಾಯ್ದೆಯೊಳಗೇ ಇದೆ. ಮಗ ಸಿಕ್ಕಿಬಿದ್ದ ಅಪ್ಪ ಅಮ್ಮಂದಿರಿಗೆ ಠಾಣೆಯಲ್ಲಿ ಈ ಕಲಮನ್ನು ಯಾರು ಓದಿಹೇಳುತ್ತಾರೆ? ಅವರಿಗೆ ವಕೀಲರ ಫೀಸು ಗೊತ್ತಾಗುತ್ತದೆ, ಜಾಮೀನಿನ ದಿನ ಗೊತ್ತಾಗುತ್ತದೆ, 64ಎ ಗೊತ್ತಾಗುವುದಿಲ್ಲ.

ಆದ್ದರಿಂದ ದೇಶಗಳನ್ನು ಹೋಲಿಸುವುದಾದರೆ ಹೋಲಿಸೋಣ, ಗಲ್ಲಿನ ಎತ್ತರವನ್ನಲ್ಲ. ವರ್ಷಕ್ಕೆ ಎಷ್ಟು ಜನ ಸತ್ತರು, ಎಷ್ಟು ಜನರಿಗೆ ಸೂಜಿಯಿಂದ ಎಚ್‌ಐವಿ ಬಂತು, ಚಿಕಿತ್ಸೆ ಕೇಳಿ ಬಂದವನಿಗೆ ಎಷ್ಟು ದಿನದಲ್ಲಿ ಹಾಸಿಗೆ ಸಿಕ್ಕಿತು, ಬೀದಿಯ ಅತಿ ಅಗ್ಗದ ಅಮಲಿನಲ್ಲಿ ಏನು ಬೆರೆತಿದೆ ಎಂಬುದನ್ನು ಹೋಲಿಸೋಣ. ಇದಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ 40,000 ಕೋಟಿಯಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದರೂ 400 ಕೋಟಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಹಾಸಿಗೆ, ನರ್ಸು, ಔಷಧಿ ಶುರುಮಾಡಲು ಅಷ್ಟು ಸಾಕು. ಈ ಮಾತನ್ನು ಕೇಳಿ ಸಭೆಯಲ್ಲಿ ಯಾರಾದರೂ ಎದ್ದು ‘ಕುಡುಕರಿಗೆ ನಮ್ಮ ತೆರಿಗೆ ದುಡ್ಡು ಯಾಕೆ ಸ್ವಾಮಿ’ ಎಂದರೆ ಉತ್ತರ ಸುಲಭ: ಆ ತೆರಿಗೆ ಕಟ್ಟಿದವರು ಕುಡುಕರೇ.